ಬಾಲದ ಅಕ್ಷರ

ಕಿರಾಣಾ ಬಜಾರದ ತಿರುವಿನ್ಯಾಗ
ರಸ್ತಾ ಅಗಲ ಮಾಡೋರು ಬಂದು ಗೆರಿ ಹೊಡದು ಹೋದರು.
ಕೆಂಪು ಗೆರಿ.
ನನ್ನ ಅಂಗಡಿ ಗೆರಿಯ ಆಚೀಗಿ ಮೂರು ಗೇಣು,
ಈಚೀಗಿ ಒಂದು ಮೊಳ.
ಮೆಟ್ಟಲ ತೆಳಗಿನ ಸಂದಿಗಿ ಅಂಗಡಿ ಅನ್ನೋದೂ ದೊಡ್ಡ ಮಾತು,
ಮೂವತ್ತೊಂದು ವರ್ಷ ಅದರಾಗೇ ಬಗ್ಗಿ ಕೂತು
ಊರ ಮಂದಿಯ ತಕ್ಕಡಿ ನೆಟ್ಟಗ ಮಾಡಿಕೊಟ್ಟೀನಿ.

ಟೇಪು ಹಿಡಕೊಂಡು ಬಂದವಳು ಪಾಲಿಕೆಯ ಹುಡುಗಿ,
ಮರತೂರ ಮೇಡಂ ಅಂತಾರ.
ಕಮಾನಿನ ನೆತ್ತಿ ನೋಡಿದವಳೇ ನಿಂತುಬಿಟ್ಟಳು.
"1341! ಅಜ್ಜಾ, ಬಹಮನಿಯವರಕಿಂತ ಆರು ವರ್ಷ ಹಳೀದು ಇದು!"
ಫೋಟೋ ತಗದಳು, ಯಾರಿಗೋ ಕಳಿಸಿದಳು,
ಮುಖದಾಗ ಕೋಟಿ ಗೆದ್ದಷ್ಟು ಬೆಳಕು.

ಸುಮ್ಮನಿರಬಹುದಿತ್ತು.
ಅಷ್ಟು ಹಳೇ ಕಟ್ಟಡ ಅಂದರ ಗೆರಿ ಅಳಿಸ್ತಾರೇನೋ,
ಮುಂದೊಂದು ನೀಲಿ ಬೋರ್ಡು ನಿಲ್ಲಿಸ್ತಾರೇನೋ.
ಒಂದು ಚಹಾ ಕುಡಿಯೋತನಕ ಸುಮ್ಮನೇ ಇದ್ದೆ.
ಆದರ ಮುಳ್ಳು ಒಂದು ಕಡಿ ವಾಲಿದ್ದು ಕಂಡಮ್ಯಾಲ
ನನ್ನ ಬೆರಳು ತಾನೇ ಮುಂದ ಹೋಗ್ತದ.

"ತಾಯಿ, ನಿನ್ನ ತೂಕದಾಗ ಐನೂರಾ ತೊಂಬತ್ತು ಹೆಚ್ಚಿಗಿ ಬಿದ್ದದ" ಅಂದೆ.
ಏಣಿ ಹಚ್ಚಿ ಮ್ಯಾಲೇರಿ
ಚಾಕುವಿನಿಂದ ಸುಣ್ಣ ಕೆರದೆ.
ದೀಪಾವಳಿಗೊಂದು ಬಳಿತ: ಹಸರು, ಗುಲಾಬಿ,
ಒಂದು ವರ್ಷ ಯಾರಿಗೂ ಹಿಡಸದ ನೀಲಿ.
ಅದರ ಹಿಂದ, ಅಂಕಿಯ ಬಾಲಕ್ಕ,
ಕುಣಿ ತೋಡಿ ಕೆತ್ತಿದ ಒಂದು ಫೇ.
ತಲಿ ಮ್ಯಾಲ ಒಂದೇ ಚುಕ್ಕಿ.

ಫಸಲಿ.
ನಿಜಾಮರ ಕಾಲದ ಸುಗ್ಗಿಯ ಲೆಕ್ಕ.
ಕೂಡಿಸಿ ನೋಡು, ಇಂಗ್ಲಿಷ್ ಸಾಲು ಸಾವಿರದಾ ಒಂಬೈನೂರಾ ಮೂವತ್ತೊಂದು.
ಬಹಮನಿ ಹೋತು.
ಅವಳ ಮುಖದಾಗಿನ ಕೋಟಿನೂ ಹೋತು.

ಅದಕ್ಕ ಉಳಿದದ್ದು ಹೇಳಿದೆ.
ರೇವಪ್ಪ ಶೇಠಿ ಕಟ್ಟಿಸಿದ್ದು, ತೊಗರಿ ಅಡತಿಗಿ.
ಶಹಾಬಾದದ ಫರ್ಶಿ ಎತ್ತಿನ ಬಂಡ್ಯಾಗ ಬಂತು,
ಛತ್ತಿಗಿ ಹೊದಿಸಿದ್ದು ವಾಡಿಯಿಂದ ತಂದ ಹಳೇ ರೈಲು ಹಳಿ.
ಇವತ್ತೂ ಮದ್ರಾಸ ಗಾಡಿ ಹಾದು ಹೋದರ
ಹಳಿಗೆ ನೆನಪಾಗಿ ನಡುಗ್ತಾವ ಅಂತಿದ್ದ ನನ್ನ ಉಸ್ತಾದ.
ಖರೇ ಏನಂದರ, ಟೇಶನ್ನು ಒಂದು ಮೈಲಿ ದೂರ;
ನಡುಗೋದು ಲಾರಿಗೆ.

ಎರಡು ಮಾಳಿಗಿ ಅಂತ ನಕ್ಷಾ ಇತ್ತು.
ಗವಂಡಿ ಮಸ್ತಾನ ಮಿಯಾ ಮೊದಲು ಮೆಟ್ಟಲ ಕಟ್ಟಿದ,
ಹತ್ತೊಂಬತ್ತು, ಒಂದೂ ಹೆಚ್ಚು ಕಮ್ಮಿ ಇಲ್ಲ.
ಅಷ್ಟರಾಗ ಧಾರಣಿ ಬಿತ್ತು.
ಚೀಲ ಚೀಲ ತೊಗರಿ ಹುಳ ಹತ್ತಿ ಒಳಗೇ ಕೂತಿತು,
ಶೇಠಿ ವರ್ಷ ಕೆತ್ತಿಸಿ ಕೆಲಸ ನಿಲ್ಲಿಸಿದ.
ಅಂದರ ಅದು ಕಟ್ಟಿದ ವರ್ಷ ಅಲ್ಲ ತಾಯಿ,
ಕೈ ಬಿಟ್ಟ ವರ್ಷ.

ಮೆಟ್ಟಲ ಏರಿ ಹೋದರ ಇವತ್ತೂ ಬಯಲೇ.
ಪಾರಿವಾಳ, ಒಂದು ಮುರುಕ ಕೊಡ, ಅತ್ತಾಗ ದರ್ಗಾದ ಗುಮ್ಮಟ.
ಇಲ್ಲದ ಮಾಳಿಗಿಯ ಮೆಟ್ಟಲ ತೆಳಗ
ನನ್ನ ಬದುಕು ನಡದದ, ಬಾಡಿಗಿ ತುಂಬಿ.

ಅವಳು ಒಳಗ ಬಂದಳು.
ತೊಲಿಯ ಕೊಂಡಿ ಮುಟ್ಟಿ ನೋಡಿದಳು,
ಆಳುದ್ದ ತಕ್ಕಡಿ ತೂಗಿ ತೂಗಿ ಅರ್ಧ ಸವದ ಕಬ್ಬಿಣ.
ಫರ್ಶಿಯ ಮ್ಯಾಲ ಒಂಬತ್ತು ತಗ್ಗು,
ಬ್ಯಾಳಿ ಹಸನ ಮಾಡೋ ಹೆಂಗಸರು ಕೂತ ಜಾಗ.
ಗೋಡಿ ಕಡಿಯ ತಗ್ಗು ಎಲ್ಲಾದರಕಿಂತ ಆಳ.
ಅಲ್ಲಿ ಕೂಡ್ತಿದ್ದಾಕಿ ನಮ್ಮವ್ವ.
ಇದನ್ನ ಹೇಳಬೇಕಂತ ಇರಲಿಲ್ಲ, ಬಂದುಬಿಡ್ತು.
ಹುಡುಗಿ ಚಪ್ಪಲಿ ಬಿಟ್ಟು
ಆ ತಗ್ಗಿನ್ಯಾಗ ಕೂತು ಫಾರಮು ತುಂಬಿದಳು.

"ಕಟ್ಟಡದ ವರ್ಷ" ಅನ್ನೋ ಕಡಿ ನಾಲ್ಕೇ ಮನಿ ಇದ್ದವು.
1, 3, 4, 1.
ಪೆನ್ನು ನಿಂತಿತು.
"ಬಾಲದ ಅಕ್ಷರ ಹೆಂಗ ಬರೀತಾರ ಅಜ್ಜಾ?"
ಧೂಳಿನ್ಯಾಗ ಬರದು ತೋರಿಸಿದೆ.

ಐದನೇ ಮನಿ ಅವಳೇ ಎಳದಳು, ಕೈಲೇ, ಸೊಟ್ಟ.
ಗೆರಿ ಹೊಡದ ಕೆಂಪು ಬಣ್ಣದ್ದೇ ಪೆನ್ನು.
ಬರದಳು. ಚುಕ್ಕಿ ಮರತಿದ್ದಳು,
ಹೊಳ್ಳಿ ಬಂದು ಇಟ್ಟಳು.

ಗೋಡಿ ಮ್ಯಾಲಿನ ಗೆರಿ ಹಂಗೇ ಅದ.
ಹೂವಿನ ಗಲ್ಲಿಯ ಮಲಕವ್ವ
ತಕ್ಕಡಿ ತಂದು ಮುಂದಿಟ್ಟಾಳ,
ಒಂದು ಪರಡಿ ಹಗರ ಆಗ್ಯದಂತ.